ಹೆಸರಿನ ಅರ್ಥವೂ ಅರ್ಥವಿಲ್ಲದ ಪಟ್ಟಿಗಳೂ

ಎಡಗಡೆ ಹೆಸರು, ನಡುವೆ ಒಂದು ಅಡ್ಡಗೆರೆ, ಬಲಗಡೆ ಅರ್ಥ. ದಿನಸಿ ಅಂಗಡಿಯ ಚೀಟಿಯಲ್ಲಿ ಬೇಳೆಯ ಮುಂದೆ ತೂಕ ಬರೆದಂತೆ ಹೆಸರಿನ ಮುಂದೆ ಅರ್ಥವನ್ನು ಬರೆದಿಟ್ಟ ಪಟ್ಟಿಗಳು ಅಂತರ್ಜಾಲದಲ್ಲಿ ಲೆಕ್ಕವಿಲ್ಲದಷ್ಟಿವೆ. ಸಂಸ್ಕೃತದ ಹೆಸರುಗಳಿಗಿವೆ, ಅರಬ್ಬಿ ಹೆಸರುಗಳಿಗಿವೆ. ಐರ್ಲೆಂಡಿನ 'ಸಾಂಪ್ರದಾಯಿಕ' ಹೆಣ್ಣು ಹೆಸರುಗಳಿಗಂತೂ ವಿಪರೀತವಾಗಿ ಇವೆ. ಈ ಪಟ್ಟಿಗಳಿಂದ ಯಾರಿಗೇನು ಕೇಡು ಎಂದು ಬಹಳ ಜನ ಕೇಳುತ್ತಾರೆ. ಕೇಡಿದೆ ಎಂಬುದೇ ನನ್ನ ವಾದ. ಅವು ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುತ್ತವೆ. ಗೊತ್ತಿದ್ದದ್ದನ್ನು ಸಿಹಿ ಬೆರೆಸಿ ಕೆಡಿಸುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಬಡವಾದ ಭಾಷೆಯ ಮೈಮೇಲಿನ ಒಡವೆಯನ್ನು ಮಾತ್ರ ಬಿಚ್ಚಿಕೊಂಡು ಭಾಷೆಯನ್ನು ಬಾಗಿಲಾಚೆ ನಿಲ್ಲಿಸುತ್ತವೆ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದಕ್ಕೆ ಕಾರಣವುಂಟು. ಡಬ್ಲಿನ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಹೆಣ್ಣುಮಗು ಹುಟ್ಟಿದೆ. "ಸಾರ್, ಮಗು ಹುಟ್ಟಿದ್ದು ಇಲ್ಲಿ, ಬೆಳೆಯುವುದೂ ಇಲ್ಲಿ. ಇಲ್ಲಿನದೇ ಒಂದು ಹೆಸರಿಡೋಣ ಎಂದು ನಮ್ಮ ಮನೆಯವರು ಹೇಳುತ್ತಿದ್ದಾರೆ. ಪಟ್ಟಿ ಕಳಿಸಿದ್ದೇನೆ, ಅರ್ಥ ಚೆನ್ನಾಗಿರುವುದನ್ನು ನೀವೇ ಆರಿಸಿಕೊಡಿ" ಎಂದು ಬರೆದಿದ್ದಳು. ಆ ಪಟ್ಟಿಯಲ್ಲಿ ಅರವತ್ತು ಹೆಸರುಗಳಿದ್ದವು. ನಿವೃತ್ತಿಯ ನಂತರ ಐರಿಷ್ ಪುರಾಣಗಳನ್ನು ಓದುವ ಹುಚ್ಚು ಹತ್ತಿಸಿಕೊಂಡವನಾದ್ದರಿಂದ ಆಸೆಯಿಂದಲೇ ಓದತೊಡಗಿದೆ. ಹತ್ತನೆಯ ಹೆಸರಿಗೆ ಬರುವ ಹೊತ್ತಿಗೆ ಕೆಂಪು ಶಾಯಿಯ ಪೆನ್ನಿಗಾಗಿ ಕೈ ತಡಕಾಡುತ್ತಿತ್ತು! ಅವಳಿಗೆ ಬರೆದ ಉತ್ತರ ಉದ್ದವಾಯಿತು. ಉಳಿದವರೂ ಓದಲಿ ಎಂದು ಅದನ್ನೇ ತಿದ್ದಿ, ಹಿಗ್ಗಿಸಿ ಇಲ್ಲಿ ಹಾಕುತ್ತಿದ್ದೇನೆ.

ಮೊದಲು ಡಿಯರ್ಡ್ರಾ. ಪಟ್ಟಿಯಲ್ಲಿ ಇದಕ್ಕೆ 'ದುಃಖ' ಎಂದು ಅರ್ಥ ಕೊಟ್ಟಿದ್ದಾರೆ. ಆ ಹೆಸರಿನ ಮೂಲ ಏನೆಂಬುದು ವಿದ್ವಾಂಸರಲ್ಲಿ ಇಂದಿಗೂ ತೀರ್ಮಾನವಾಗಿಲ್ಲ. ಹಾಗಿದ್ದರೆ 'ದುಃಖ' ಎಲ್ಲಿಂದ ಬಂತು? ಕಥೆಯಿಂದ. ಅಲ್ಸ್ಟರ್ ಪ್ರಾಂತದ ದೊರೆ ಕೊನ್ಹೂರನ ಆಸ್ಥಾನದಲ್ಲಿ, ಇನ್ನೂ ತಾಯಿಯ ಗರ್ಭದಲ್ಲಿದ್ದ ಈ ಮಗು ಕಿರುಚಿತಂತೆ. ಇವಳ ಚೆಲುವಿನಿಂದಾಗಿ ರಕ್ತ ಹರಿಯುವುದೆಂದು ದೊರೆಯ ಪುರೋಹಿತ ಕಹ್ವಾದ್ ಭವಿಷ್ಯ ನುಡಿದ. ಕೊಂದುಬಿಡಿ ಎಂದರು ಯೋಧರು. ದೊರೆ ಕೊಲ್ಲದೆ, ತಾನೇ ವರಿಸುವ ಆಸೆಯಿಂದ ಅವಳನ್ನು ಜನರ ಕಣ್ಣಿಗೆ ಬೀಳದಂತೆ ಬೆಳೆಸಿದ. ಅವಳೋ ನೀಶಾ ಎಂಬ ತರುಣನನ್ನು ಮೆಚ್ಚಿ, ಅವನನ್ನೂ ಅವನ ಇಬ್ಬರು ಸೋದರರನ್ನೂ ಕೂಡಿಕೊಂಡು ಸ್ಕಾಟ್ಲೆಂಡಿಗೆ ಓಡಿದಳು. ಅಭಯವಿತ್ತು ಕರೆಸಿಕೊಂಡ ದೊರೆ ಮೂವರು ಸೋದರರನ್ನೂ ಕೊಲ್ಲಿಸಿದ. ಇದು ವಿಶ್ವಾಸಘಾತದ ಕಥೆ, ತನ್ನ ಮನಸ್ಸಿಗೆ ಬಂದವನನ್ನು ತಾನೇ ಆರಿಸಿಕೊಂಡ ಹೆಣ್ಣಿನ ಕಥೆ. ಕಥೆಯ ಕೊನೆಯ ಪುಟವನ್ನು ಹರಿದು ತಂದು ಹೆಸರಿನ ಅರ್ಥವೆಂದು ಅಂಟಿಸಿದರೆ ಒಪ್ಪಬಹುದೆ? ಸೀತೆ ಎಂದರೆ ನೇಗಿಲ ಗೆರೆ. ಯಾರಾದರೂ ಪಟ್ಟಿ ಮಾಡಿ 'ಸೀತೆ: ಕಾಡಿಗಟ್ಟಲ್ಪಟ್ಟವಳು' ಎಂದು ಬರೆದರೆ ನೀವು ಸುಮ್ಮನಿರುತ್ತೀರಾ?

ಈ ಹೆಸರು ಪರಂಪರೆಯಿಂದ ಬಂದದ್ದು ಎನ್ನುವುದೂ ಪೂರ್ತಿ ನಿಜವಲ್ಲ. ಕಥೆ ಹಳೆಯದು, ಮನೆಯ ಹೆಣ್ಣುಮಕ್ಕಳಿಗೆ ಆ ಹೆಸರಿಡುವ ರೂಢಿ ಹೊಸದು. ಯೇಟ್ಸ್ ಕವಿ ಅವಳ ಕುರಿತು ನಾಟಕ ಬರೆದ. ಜಾನ್ ಸಿಂಗ್ ಕೂಡ ಬರೆದ. ಸಿಂಗ್ 1909ರಲ್ಲಿ ತೀರಿಕೊಂಡ ಮೇಲೆ, 1910ರಲ್ಲಿ, ಅವನ ನಾಟಕ ರಂಗಕ್ಕೆ ಬಂತು. ಆ ನಂತರವೇ ಡಿಯರ್ಡ್ರಾ ಎಂಬ ಹೆಸರು ತೊಟ್ಟಿಲುಗಳಿಗೆ ಇಳಿದದ್ದು. ರಂಗಭೂಮಿಯಿಂದ ತೊಟ್ಟಿಲಿಗೆ!

ಇನ್ನು ಈಫಾ. ಪಟ್ಟಿಯ ಪ್ರಕಾರ 'ಸೌಂದರ್ಯ'. ಒಪ್ಪೋಣ, ಚೆಲುವು, ಕಾಂತಿ ಎಂಬ ಅರ್ಥದ ಪದವೊಂದಕ್ಕೆ ಅದನ್ನು ಜೋಡಿಸುವುದುಂಟು. ಆದರೆ ಐರಿಷ್ ಮಗುವಿನ ಕಿವಿಗೆ ಈಫಾ ಎಂದೊಡನೆ ಬರುವುದು ಸೌಂದರ್ಯವಲ್ಲ. ಒಬ್ಬ ಈಫಾ, ಕುಹುಲಿನ್ ಎಂಬ ವೀರನೊಡನೆ ಕಾದಾಡಿ ಅವನಿಗೇ ಮಗನನ್ನು ಹೆತ್ತ ಯೋಧೆ. ಇನ್ನೊಬ್ಬಳು ಲಿರ್ ದೊರೆಯ ಮಕ್ಕಳ ಮಲತಾಯಿ. ಅಸೂಯೆಯಿಂದ ನಾಲ್ಕು ಮಕ್ಕಳನ್ನೂ ಹಂಸಗಳಾಗಿ ಮಾಡಿ ಒಂಬೈನೂರು ವರ್ಷ ನೀರಿನಲ್ಲಿ ಅಲೆಸಿದವಳು. ಮೂರು ನೂರು ವರ್ಷ ಒಂದು ಸರೋವರದಲ್ಲಿ, ಮೂರು ನೂರು ವರ್ಷ ಸ್ಕಾಟ್ಲೆಂಡಿನ ಕಡೆಯ ಕೊರೆಯುವ ಕಡಲಿನಲ್ಲಿ, ಮೂರು ನೂರು ವರ್ಷ ಪಶ್ಚಿಮದ ಸಾಗರತೀರದಲ್ಲಿ. ಆ ಹಂಸಗಳಲ್ಲಿ ಹಿರಿಯಳಾದ ಫಿನೂಲಾ ತಮ್ಮಂದಿರನ್ನು ರೆಕ್ಕೆಯಡಿ ಕಾಪಾಡಿದಳು. ಅವಳ ಹೆಸರಿಗೆ 'ಬಿಳಿಯ ಭುಜದವಳು' ಎಂದರ್ಥ. ಮೂರನೆಯ ಈಫಾ ಪುರಾಣದವಳಲ್ಲ, ಇತಿಹಾಸದವಳು. ಲೆನ್ಸ್ಟರ್ ಪ್ರಾಂತದ ದೊರೆ ಡಿಯರ್ಮಿಡ್ ತಾನು ಕಳೆದುಕೊಂಡ ರಾಜ್ಯವನ್ನು ಮರಳಿ ಪಡೆಯಲು ನಾರ್ಮನ್ನರನ್ನು ಕರೆತಂದು, ಅವರ ನಾಯಕ ಸ್ಟ್ರಾಂಗ್‌ಬೋನಿಗೆ 1170ರಲ್ಲಿ ವಾಟರ್‌ಫರ್ಡ್ ಊರಿನಲ್ಲಿ ತನ್ನ ಮಗಳು ಈಫಾಳನ್ನು ಮದುವೆ ಮಾಡಿಕೊಟ್ಟ. ಆ ಮದುವೆಯ ಚಿತ್ರವನ್ನು ಡೇನಿಯಲ್ ಮ್ಯಾಕ್ಲೀಸ್ 1854ರಲ್ಲಿ ಬರೆದಿದ್ದಾನೆ. ಡಬ್ಲಿನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿದೆ. ಗೋಡೆ ತುಂಬುವಷ್ಟು ದೊಡ್ಡದು. ವಧೂವರರ ಕಾಲ ಬಳಿಯೇ ಹೆಣಗಳು ಬಿದ್ದಿವೆ. ನನ್ನ ವಿದ್ಯಾರ್ಥಿನಿಗೆ ಬರೆದೆ: ಭಾನುವಾರ ಬಿಡುವಾದರೆ ಆ ಚಿತ್ರದೆದುರು ಒಂದರ್ಧ ಗಂಟೆ ನಿಲ್ಲು, ಆಮೇಲೆ 'ಸೌಂದರ್ಯ' ಎಂಬ ಆ ಬಲಗಡೆಯ ಮಾತನ್ನು ಓದು.

ಕೀರಾ ಎಂದರೆ ಕಪ್ಪು. ಅಷ್ಟೇ. ಪಟ್ಟಿ ಮಾಡಿದವರಿಗೆ ಕಪ್ಪು ಎಂದು ಬರೆಯಲು ಕೈ ಬಂದಿಲ್ಲ. 'ಕಡುಗೂದಲಿನ ಸುಂದರಿ' ಎಂದು ಬರೆದಿದ್ದಾರೆ. ಕೃಷ್ಣೆ, ಶ್ಯಾಮಲೆ ಎಂದು ಹಾಡಿ ಹೊಗಳಿದ ನಾವೂ ಈಚೆಗೆ ಹೀಗೆಯೇ ನಾಚಿಕೊಳ್ಳಲು ಕಲಿತಿದ್ದೇವೆ, ಬಿಡಿ. ನನ್ನ ಹಾಜರಿ ಪುಸ್ತಕದಲ್ಲಿ ಕರಿಯಮ್ಮ, ಸಾಕಮ್ಮ, ತಿಪ್ಪಮ್ಮ ಎಲ್ಲರೂ ಇದ್ದರು. ಹೆಣ್ಣು ಸಾಕಪ್ಪಾ ಎಂದು ಸಾಕಮ್ಮ. ಹಿಂದಿನ ಮಕ್ಕಳು ಉಳಿಯಲಿಲ್ಲ, ಈ ಮಗುವಾದರೂ ದೃಷ್ಟಿ ತಗಲದೆ ಉಳಿಯಲಿ ಎಂದು ತಿಪ್ಪೆಯ ಹೆಸರು ಹೊತ್ತ ತಿಪ್ಪಮ್ಮ. ಯಾವ ಪಟ್ಟಿಯಲ್ಲಿ ಇವರಿಗೆ ಜಾಗವಿದೆ? ಒಂದು ಜನಾಂಗದ ಭಯ, ಬಡತನ, ಆಸೆಗಳೆಲ್ಲ ಅದರ ಹೆಸರುಗಳಲ್ಲಿರುತ್ತವೆ. ಚೆಂದದ್ದನ್ನು ಮಾತ್ರ ಹೆಕ್ಕುವವರು ಆ ಜನಾಂಗವನ್ನು ಪ್ರೀತಿಸುವವರಲ್ಲ.

'ಸಾಂಪ್ರದಾಯಿಕ' ಎಂಬ ಮಾತಿನ ದುರುಪಯೋಗವನ್ನೂ ನೋಡಿ. ಶಿವಾನ್ ಎಂಬ ಹೆಸರು ಪಟ್ಟಿಯಲ್ಲಿ ಮೇಲಿದೆ. (ನಮ್ಮ ಬಂಧುಗಳೊಬ್ಬರು ಇದು ನಮ್ಮ ಶಿವನೇ ಎಂದು ವಾಟ್ಸಾಪಿನಲ್ಲಿ ಹಂಚಿಬಿಟ್ಟಿದ್ದಾರೆ. ಶಿವನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಹನ್ನೆರಡನೆಯ ಶತಮಾನದಲ್ಲಿ ಬಂದ ಆ ನಾರ್ಮನ್ನರ ಫ್ರೆಂಚ್ ನುಡಿಯ ಝೆಹಾನ್, ಐರಿಷರ ನಾಲಿಗೆಯಲ್ಲಿ ಶಿವಾನ್ ಆಯಿತು; ಅದರ ಕಿರಿಯ ರೂಪ ಶಿನೇಡ್ ಆಯಿತು. ಮೂಲ ಹೀಬ್ರೂ. ಶೀಲಾ ಕೂಡ ಹಾಗೆಯೇ, ಲ್ಯಾಟಿನ್ನಿನ ಸಿಸಿಲಿಯಾದಿಂದ ಬಂದದ್ದು, ನಮ್ಮ 'ಶೀಲ'ದಿಂದಲ್ಲ. ಗೆದ್ದುಬಂದವರ ಹೆಸರನ್ನೂ ಅರಗಿಸಿಕೊಂಡು ತನ್ನದಾಗಿಸಿಕೊಳ್ಳುವ ಶಕ್ತಿ ಆ ಭಾಷೆಗೆ ಆಗ ಇತ್ತು ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ. ಬಲಗಡೆಯಲ್ಲಿ 'ದೇವರು ದಯಾಮಯ' ಎಂದು ಬರೆದರೆ ಅದು ಹೀಬ್ರೂವಿನ ಅರ್ಥವಾಯಿತೇ ಹೊರತು ಶಿವಾನ್ ಎಂಬ ಹೆಸರಿನ ಕಥೆಯಾಗಲಿಲ್ಲ.

ಇನ್ನೊಂದು ತುದಿಯಲ್ಲಿ ಕಾಲೀನ್, ಎರಿನ್, ಶಾನನ್. ಕಾಲೀನ್ ಎಂದರೆ ಐರಿಷಿನಲ್ಲಿ 'ಹುಡುಗಿ', ಅಷ್ಟೆ. ವಲಸೆ ಹೋದವರ ಮಕ್ಕಳು ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಅದನ್ನು ಹೆಸರಾಗಿಸಿಕೊಂಡರು. ಎರಿನ್ ದೇಶದ ಹೆಸರು. ಶಾನನ್ ನದಿಯ ಹೆಸರು. ಊರು ಬಿಟ್ಟವರಿಗೆ ಊರಿನ ನದಿಯೇ ಮಗಳಾಗುವುದು ಸಹಜ, ಅದರಲ್ಲಿ ನನಗೆ ತಕರಾರಿಲ್ಲ. ಅದನ್ನು ಪ್ರಾಚೀನ ಪರಂಪರೆ ಎಂದು ಮಾರುವುದರಲ್ಲಿದೆ ತಕರಾರು. ಸೀರ್ಶಾ, ಅಂದರೆ 'ಸ್ವಾತಂತ್ರ್ಯ', ಇಪ್ಪತ್ತನೆಯ ಶತಮಾನದ ಹೆಸರು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಜನ ತಮ್ಮ ಹೆಣ್ಣುಮಕ್ಕಳಿಗೆ ಇಟ್ಟದ್ದು. 2021ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಅತಿ ಹೆಚ್ಚಾಗಿ ಇಟ್ಟ ಹೆಸರು ಫೀಯಾ. ಕಾಡಿನದು, ಜಿಂಕೆ ಎಂಬ ಅರ್ಥಛಾಯೆಯ ಆ ಮಾತು ಹೆಸರಾದದ್ದು ಮೊನ್ನೆ ಮೊನ್ನೆ. ಇವು ಹೊಸವು ಎಂದು ಹೇಳಿದರೆ ಅವುಗಳ ಬೆಲೆ ಇಳಿಯುವುದೆ? ಸೀರ್ಶಾಗೆ ಇರುವ ನೂರು ವರ್ಷಗಳ ನಿಜವಾದ ಇತಿಹಾಸವನ್ನು ಕಿತ್ತುಕೊಂಡು ಇಲ್ಲದ ಸಾವಿರ ವರ್ಷಗಳನ್ನು ಕೊಡುವುದು ಯಾವ ನ್ಯಾಯ!

ಅರ್ಥವನ್ನೇ ಹೇಳಬೇಕೆಂದರೆ ಸರಿಯಾಗಿ ಹೇಳಲಿ. ಬ್ರಿಜಿಡ್ ಎಂಬ ಹೆಸರಿನ ಬೇರು 'ಎತ್ತರವಾದದ್ದು, ಹಿರಿದಾದದ್ದು'. ಭಾಷಾಶಾಸ್ತ್ರಜ್ಞರ ಪ್ರಕಾರ ಅದು ಸಂಸ್ಕೃತದ 'ಬೃಹತೀ' ಎಂಬುದರ ಒಡಹುಟ್ಟು. ಮೇವ್ ಎಂಬ ಹೆಸರು ಜೇನಿನ ಮದ್ಯಕ್ಕೆ ಸಂಬಂಧಿಸಿದ್ದು. ನಮಗೆಲ್ಲ ಗೊತ್ತಿರುವ 'ಮಧು' ಅದೇ ಮೂಲದ್ದು. ಸೈವ್ ಎಂಬ ಹೆಸರನ್ನು ಸಿಹಿ ಎಂಬರ್ಥದ 'ಸ್ವಾದು'ವಿನೊಂದಿಗೆ ಸೇರಿಸುತ್ತಾರೆ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಬಂಧುತ್ವವನ್ನು ಸಾರಿದ ಭಾಷಣದಲ್ಲೇ ಕೆಲ್ಟಿಕ್ ಭಾಷೆಯ ಮಾತೂ ಬಂದಿತ್ತು. ಇಷ್ಟು ಕೇಳಿದ ಕೂಡಲೇ 'ನೋಡಿ, ಎಲ್ಲವೂ ಸಂಸ್ಕೃತದಿಂದಲೇ ಹೋದದ್ದು' ಎನ್ನುವವರು ನಮ್ಮ ನೆಂಟರಲ್ಲೇ ಇದ್ದಾರೆ. ಇಲ್ಲ ಸ್ವಾಮಿ. ಅಕ್ಕತಂಗಿಯರ ಮುಖ ಒಂದೇ ತರ ಇದ್ದರೆ ಒಬ್ಬಳು ಇನ್ನೊಬ್ಬಳ ತಾಯಿಯಾಗುವುದಿಲ್ಲ. ಹಾಗೆಯೇ ಹೋಲಿಕೆ ಕಂಡಲ್ಲೆಲ್ಲ ನೆಂಟಸ್ತನವೂ ಇರುವುದಿಲ್ಲ. ಐರ್ಲೆಂಡಿನ ದೊರೆಗಳ ಪಟ್ಟಾಭಿಷೇಕದ ಗುಡ್ಡವಾದ ತಾರಾ, ನಮ್ಮ ಆಕಾಶದ ತಾರೆಯಲ್ಲ. ಆ ಗುಡ್ಡದ ಐರಿಷ್ ಹೆಸರಿನ ಇಂಗ್ಲಿಷ್ ರೂಪ ಅದು.

ಮೇವ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಪಟ್ಟಿಯ ಅತಿ ದೊಡ್ಡ ಅಪಚಾರ ಇವಳಿಗಾಗಿದೆ. ಕಾನಖ್ಟ್ ಪ್ರಾಂತದ ರಾಣಿ. ರಾತ್ರಿ ಹಾಸಿಗೆಯಲ್ಲಿ ಗಂಡ ಅಲಿಲನೊಡನೆ ಆಸ್ತಿಯ ಲೆಕ್ಕ ತೆಗೆದು, ಅವನ ಬಳಿ ಒಂದು ಬಿಳಿಕೊಂಬಿನ ಹೋರಿ ಹೆಚ್ಚಿಗಿದೆ ಎಂದು ಕಂಡಾಗ, ಅದಕ್ಕೆ ಸಮನಾದ ಕೂಲಿಯ ಕಂದು ಹೋರಿಯನ್ನು ತರಲು ಅಲ್ಸ್ಟರಿನ ಮೇಲೆ ದಂಡೆತ್ತಿ ಹೋದವಳು! ಹಳೆಯ ಐರಿಷ್ ಸಾಹಿತ್ಯದ ಅತಿ ದೊಡ್ಡ ಗದ್ಯಕಾವ್ಯ ಆ ಗೋಗ್ರಹಣದ ಕಥೆಯೇ. ಅವಳ ಹೆಸರಿಗೆ 'ಅಮಲೇರಿಸುವವಳು' ಎಂದರ್ಥ. ಅವಳ ಹಿಂದೆ ರಾಜ್ಯಾಧಿಕಾರದ ದೇವತೆಯೊಬ್ಬಳಿದ್ದಾಳೆ, ಅವಳು ನೀಡುವ ಮಧುಪಾತ್ರೆಯಿಂದ ಕುಡಿದವನೇ ದೊರೆ ಎಂದು ಬಲ್ಲವರು ವಿವರಿಸುತ್ತಾರೆ. ಫ್ರೆಂಚ್ ವಿದ್ವಾಂಸ ದ್ಯುಮೆಝಿಲ್ ಇವಳನ್ನು ಮಹಾಭಾರತದ ಮಾಧವಿಯ ಜೊತೆ, ಅಂದರೆ ಗಾಲವನ ಕುದುರೆಗಳಿಗಾಗಿ ಒಬ್ಬ ದೊರೆಯಿಂದ ಇನ್ನೊಬ್ಬನಿಗೆ ಹೋದ ಯಯಾತಿಯ ಮಗಳ ಜೊತೆ, ಇಟ್ಟು ನೋಡಿದ್ದಾನೆ. ಇಬ್ಬರ ಹೆಸರಿನಲ್ಲೂ ಮಧುವಿದೆ. ಒಬ್ಬಳು ದೊರೆಗಳನ್ನು ಆರಿಸಿದಳು, ಇನ್ನೊಬ್ಬಳನ್ನು ದೊರೆಗಳಿಗೆ ಒಪ್ಪಿಸಲಾಯಿತು. ಈ ವ್ಯತ್ಯಾಸದ ಮೇಲೆ ಒಂದು ತರಗತಿಯನ್ನೇ ನಡೆಸಬಹುದು. ಐರ್ಲೆಂಡಿನವರು 1977ರಲ್ಲಿ ಇವಳ ಮುಖವನ್ನು ತಮ್ಮ ಒಂದು ಪೌಂಡಿನ ನೋಟಿನ ಮೇಲೆ ಅಚ್ಚು ಹಾಕಿದರು. ನನಗೆ ಬಂದ ಪಟ್ಟಿಯಲ್ಲಿ ಮೇವ್ ಎದುರಿಗೆ ಬರೆದಿರುವುದು 'ಆನಂದ'. ಮಗುವಿಗೆ ಅಮಲಿನ ಹೆಸರೆಂದರೆ ತಾಯ್ತಂದೆಯರು ಬೆಚ್ಚಿಯಾರೆಂಬ ಭಯ ಇರಬೇಕು.

ಹೀಗೆ ಎರಡು ಅಂಕಣದ ಪಟ್ಟಿ ಐರಿಷ್ ಹೆಸರುಗಳಿಗೆ ಹೊಸತಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡಿದ ವಿಚಾರ. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಅಂಥದೇ ಒಂದು ಲೆಕ್ಕಾಚಾರ ಅಲ್ಲಿನ ಗುಮಾಸ್ತರ, ಪಾದ್ರಿಗಳ, ನಮ್ಮಂಥ ಮೇಷ್ಟರುಗಳ ತಲೆಯಲ್ಲಿತ್ತು. ಎಡಗಡೆ ಮನೆಯ ಹೆಸರು. ಬಲಗಡೆ ದಾಖಲೆಯ ಹೆಸರು. 1831ರಲ್ಲಿ ಸರಕಾರ ರಾಷ್ಟ್ರೀಯ ಶಾಲೆಗಳನ್ನು ಸ್ಥಾಪಿಸಿತು, ಪಾಠ ಇಂಗ್ಲಿಷಿನಲ್ಲಿ. ಮಗುವಿನ ಕೊರಳಿಗೆ ಒಂದು ಕೋಲು ಕಟ್ಟಿ, ಐರಿಷ್ ಆಡಿದಾಗಲೆಲ್ಲ ಅದರಲ್ಲೊಂದು ಕಚ್ಚು ಹಾಕಿ, ಕಚ್ಚುಗಳ ಲೆಕ್ಕಕ್ಕೆ ಏಟು ಕೊಡುವ ಪದ್ಧತಿ ಇತ್ತು. ಹೆತ್ತವರೂ ಅದಕ್ಕೆ ಕೈಜೋಡಿಸಿದರು, ಏಕೆಂದರೆ ಮಗು ಬದುಕಬೇಕಾದರೆ ಹಡಗು ಹತ್ತಬೇಕು, ಹಡಗು ಹತ್ತಲು ಇಂಗ್ಲಿಷ್ ಬೇಕು. 1845ರಲ್ಲಿ ಆರಂಭವಾದ ಆಲೂಗಡ್ಡೆಯ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಸುಮಾರು ಹತ್ತು ಲಕ್ಷ ಜನ ದೇಶ ಬಿಟ್ಟರು. ಸತ್ತವರಲ್ಲೂ ಹೋದವರಲ್ಲೂ ಐರಿಷ್ ಆಡುವ ಬಡವರ ಪಾಲು ದೊಡ್ಡದು. 1864ರಿಂದ ಜನನಗಳ ಸರಕಾರಿ ನೋಂದಣಿ ಶುರುವಾಯಿತು. ಗ್ರಾನ್ಯ ಗ್ರೇಸ್ ಆದಳು. ಸೈವ್ ಸ್ಯಾಲಿ ಆದಳು. ಗೊರಮ್ಲ ಬಾರ್ಬರಾ ಆದಳು, ಫಿನೂಲಾ ಪೆನೆಲೊಪಿ ಆದಳು! ಉಚ್ಚಾರದ ದೂರದ ಹೋಲಿಕೆಯೊಂದು ಸಿಕ್ಕರೆ ಸಾಕು, ಹೆಸರು ಬದಲು. ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ತೀರದಲ್ಲಿ ಹಡಗುಗಳ ಒಡತಿಯಾಗಿದ್ದು, 1593ರಲ್ಲಿ ಗ್ರೀನಿಚ್ ಅರಮನೆಗೆ ಹೋಗಿ ಎಲಿಜಬೆತ್ ರಾಣಿಯನ್ನೇ ಎದುರಿಗೆ ಕಂಡು ಮಾತಾಡಿ ಬಂದ ಗ್ರಾನ್ಯ ವೇಲ್ ಎಂಬ ಧೀರೆಯನ್ನು ಇಂಗ್ಲಿಷ್ ಪುಸ್ತಕಗಳು ಗ್ರೇಸ್ ಓಮ್ಯಾಲಿ ಎನ್ನುತ್ತವೆ. ಗ್ರೇಸ್ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಸೊಗಸಾದ ಅರ್ಥವಿದೆ. ಗ್ರಾನ್ಯಳಿಗೆ ಅದರಿಂದೇನು?

ಬ್ರಿಜಿಡ್ ಕಥೆ ಇನ್ನೂ ದಾರುಣ. ಕಿಲ್ಡೇರ್ ಊರಿನ ಆ ಸಂತಳ ಮೇಲೆ ಜನಕ್ಕೆ ಎಷ್ಟು ಭಕ್ತಿಯಿತ್ತೆಂದರೆ, ಬಹಳ ಕಾಲ ಆ ಹೆಸರನ್ನು ನೇರವಾಗಿ ಮಕ್ಕಳಿಗಿಡಲು ಹಿಂಜರಿದು, 'ಬ್ರಿಜಿಡಳ ದಾಸ' ಎಂಬಂಥ ಹೆಸರನ್ನಿಟ್ಟರು. ಏಸುವಿನ ತಾಯಿಗೆ ಮಾತ್ರ ಮ್ವಿರಾ ಎನ್ನುತ್ತಾರೆ. ಅದೇ ಹೆಸರು ಮನುಷ್ಯರ ಮಕ್ಕಳಿಗಾದರೆ ಮಾರಾ ಎಂದಾಗುತ್ತದೆ. ಇಂಥ ಸೂಕ್ಷ್ಮವಿದ್ದ ನಾಡಿನ ಹೆಣ್ಣುಮಕ್ಕಳು ಮುಂದೆ ಬ್ರಿಜಿಟ್‌ಗಳಾಗಿ ಅಮೆರಿಕದ ಮನೆಗಳಿಗೆ ಅಡುಗೆ, ಕಸಮುಸುರೆಗೆ ಹೋದರು. ಅಲ್ಲಿನ ಯಜಮಾನತಿಯರು ಐರಿಷ್ ಕೆಲಸದವಳನ್ನೆಲ್ಲ 'ಬಿಡ್ಡಿ' ಎಂದರು. ಬೃಹತಿ ಬಿಡ್ಡಿಯಾದಳು. ನಾಚಿಕೆಯಿಂದ ಅವರ ಮಕ್ಕಳು ಆ ಹೆಸರನ್ನೇ ಬಿಟ್ಟರು. ಆ ಸಂತಳ ಹೆಸರಿನಲ್ಲಿ ಫೆಬ್ರವರಿ ಆರಂಭದಲ್ಲಿ ಐರ್ಲೆಂಡಿನ ಸರಕಾರ ಸಾರ್ವತ್ರಿಕ ರಜೆ ಕೊಡತೊಡಗಿದ್ದು 2023ರಲ್ಲಿ.

ಹೀಗೆ ಕಳೆದುಹೋದ ಹೆಸರುಗಳು ತಾವಾಗಿ ಮರಳಿ ಬರಲಿಲ್ಲ. 1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಗೇಲಿಕ್ ಲೀಗ್ ಕಟ್ಟಿದರು. ಸಂಜೆಯ ತರಗತಿಗಳಲ್ಲಿ ಗುಮಾಸ್ತರೂ ಅಂಗಡಿಯವರೂ ಕೂತು ಅಜ್ಜಿಯರ ಭಾಷೆಯನ್ನು ಅಕ್ಷರದಿಂದ ಕಲಿತರು. ತಮ್ಮ ಹೆಸರನ್ನೂ ತಮ್ಮ ಮಕ್ಕಳ ಹೆಸರನ್ನೂ ಐರಿಷಿನಲ್ಲಿ ಬರೆಯತೊಡಗಿದರು. ಇಂದು ನೀವು ಪಟ್ಟಿಯಲ್ಲಿ ಕಾಣುವ ನೀವ್, ಈಫಾ, ಕ್ವೀವಾಗಳಲ್ಲಿ ಬಹುಪಾಲು ಹೀಗೆ ಹಠ ಹಿಡಿದು ಮರಳಿ ತಂದವು. ಆದರೂ ಭಾಷೆಯ ಸ್ಥಿತಿ ನೋಡಿ: 2022ರ ಜನಗಣತಿಯಲ್ಲಿ ಐರಿಷ್ ಬಲ್ಲೆವು ಎಂದವರು ಹದಿನೆಂಟು ಲಕ್ಷಕ್ಕೂ ಮೇಲೆ, ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ.

ಅದಕ್ಕೇ ನನಗೆ ಕಾಗುಣಿತದ ಹಾಸ್ಯ ಸಹಿಸುವುದಿಲ್ಲ. ಎನ್, ಐ, ಎ, ಎಂ, ಎಚ್ ಎಂದು ಬರೆದು ನೀವ್ ಎಂದು ಓದುವುದೇ ಎಂದು ನಗುತ್ತಾರೆ. (ನಮ್ಮವರು ಆ ಮಗುವನ್ನು ಕರೆದರೆ ಬಹುವಚನ ಕೊಟ್ಟಂತಾಗುತ್ತದೆ, ಅದು ಬೇರೆ ಮಾತು!) ಸೀರ್ಶಾ ರೋನನ್ ಎಂಬ ನಟಿ ನಾಲ್ಕು ಬಾರಿ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶಿತಳಾದರೂ ಸಂದರ್ಶನಗಳಲ್ಲಿ ಅವಳ ಹೆಸರಿನ ಕಾಗುಣಿತವೇ ನಗೆಯ ವಸ್ತು. ಇಂಗ್ಲಿಷಿನ ಕಾಗುಣಿತವನ್ನು ನಲವತ್ತು ವರ್ಷ ಕಲಿತೂ ತಪ್ಪು ಮಾಡುವ ನಾವು ಐರಿಷ್ ಕಾಗುಣಿತಕ್ಕೆ ನಗುವುದು ಹೇಗೆ? ಅದಕ್ಕೆ ನಿಯಮವಿದೆ. ಸಾಂಪ್ರದಾಯಿಕ ವರ್ಣಮಾಲೆಯಲ್ಲಿ ಹದಿನೆಂಟೇ ಅಕ್ಷರ. ವಕಾರಕ್ಕೆ ಬೇರೆ ಅಕ್ಷರವಿಲ್ಲ. ಬಕಾರ ಮಕಾರಗಳು ಮೃದುವಾದಾಗ ವಕಾರದಂತೆ ಕೇಳುತ್ತವೆ. ಹಳೆಯ ಲಿಪಿಯಲ್ಲಿ ಅಂಥ ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ರೋಮನ್ ಅಚ್ಚಿಗೆ ಬಂದಾಗ ಚುಕ್ಕೆಯ ಬದಲು ಎಚ್ ಬಂತು. ಹತ್ತನೆಯ ತರಗತಿಯಲ್ಲಿ ನಿಮಗೆಲ್ಲ ಆದೇಶಸಂಧಿ ಹೇಳಿಕೊಟ್ಟದ್ದು ನೆನಪಿರಬೇಕು: ಮಳೆ, ಕಾಲ ಸೇರಿದರೆ ಮಳೆಗಾಲ, ಕಕಾರ ಗಕಾರವಾಗಿ ಮೃದುವಾಯಿತು. ಸರಿಸುಮಾರು ಅಂಥದೇ ಸ್ವಭಾವ.

ಈ ಮೃದುತ್ವ ಹೆಸರಿನ ಹೊಟ್ಟೆಯೊಳಗೆ ಮಾತ್ರವಲ್ಲ, ಕರೆಯುವಾಗಲೂ ಬರುತ್ತದೆ. ಮಾರಾ ಎಂಬವಳನ್ನು ಕೂಗುವಾಗ 'ಅ ವಾರಾ' ಎನ್ನಬೇಕು. ಶಿವಾನಳನ್ನು ಕೂಗುವಾಗ 'ಅ ಹಿವಾನ್'. ಸಂಬೋಧನಾ ವಿಭಕ್ತಿ! ತಾಯಿ ಹಿತ್ತಲಿಂದ ಕೂಗಿದಾಗ ಮಗಳ ಕಿವಿಗೆ ಬೀಳುವ ಮೊದಲ ಅಕ್ಷರವೇ ಬೇರೆ. ಮನೆತನದ ಹೆಸರಿನಲ್ಲಿ ಗಂಡಿಗೆ 'ಓ' ಇದ್ದರೆ ಮಗಳಿಗೆ 'ನೀ'. ಎನ್ಯ ಎಂದು ಜಗತ್ತಿಗೆ ಗೊತ್ತಿರುವ ಗಾಯಕಿ, ಡೊನೆಗಾಲ್ ಸೀಮೆಯ ಐರಿಷ್ ಮಾತಿನ ಊರಿನವಳು. ಅವಳ ಹುಟ್ಟುಹೆಸರಿನಲ್ಲಿ ಈ 'ನೀ' ಇದೆ. ಯಾವ ಪಟ್ಟಿ ಇದನ್ನು ಹೇಳಿದೆ? ವ್ಯಾಕರಣದೊಳಗೆ ಉಸಿರಾಡುವ ಹೆಸರನ್ನು ಹೊರಗೆಳೆದು, ಓದಲು ಸುಲಭವಾಗಲೆಂದು ಕಾಗುಣಿತವನ್ನೂ ಇಂಗ್ಲಿಷಿಗೆ ಒಗ್ಗಿಸಿ, ದೀರ್ಘಸ್ವರದ ಮೇಲಿನ ಗೆರೆಯನ್ನೂ ಅಳಿಸಿ ಕೊಡುತ್ತಾರೆ. ಆ ಗೆರೆಯನ್ನು ಸರಕಾರಿ ಕಚೇರಿಗಳ ಕಂಪ್ಯೂಟರುಗಳು ಸರಿಯಾಗಿ ದಾಖಲಿಸಬೇಕೆಂದು ಐರ್ಲೆಂಡಿನ ಸಂಸತ್ತು 2021ರಲ್ಲಿ ಕಾಯ್ದೆಯನ್ನೇ ತಿದ್ದಬೇಕಾಯಿತು. ದೀರ್ಘ ತಪ್ಪಿದರೆ ಅರ್ಥ ಕೆಡುವುದು ಕನ್ನಡಿಗರಿಗೆ ಹೇಳಿಕೊಡಬೇಕೆ? ಕಲೆ, ಕಾಲೆಗಳನ್ನು ಒಂದು ಮಾಡುತ್ತೇವೆಯೆ?

"ಇಷ್ಟಕ್ಕೂ ಅರ್ಥ ನೋಡಿ ಹೆಸರಿಡುವುದು ನಮ್ಮಲ್ಲೂ ಇದೆಯಲ್ಲ ಸಾರ್" ಎಂದು ನೀವು ಕೇಳಬಹುದು. ಇದೆ. ಐರ್ಲೆಂಡಿನ ಟಿರೋನ್ ಸೀಮೆಯ ಡಂಗ್ಯಾನನ್ ಊರಿನಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್‌ಗೆ 1898ರಲ್ಲಿ ಸ್ವಾಮಿ ವಿವೇಕಾನಂದರು ನಿವೇದಿತಾ ಎಂದು ಹೆಸರಿಟ್ಟದ್ದು ಅರ್ಥ ನೋಡಿಯೇ. ಆದರೆ ಅವರು ಪಟ್ಟಿಯಿಂದ ಎತ್ತಿಕೊಂಡದ್ದಲ್ಲ. ಎದುರಿಗಿದ್ದವಳನ್ನು ನೋಡಿ ಇಟ್ಟದ್ದು. ಅವಳು ಬಾಳಿದ ರೀತಿಯಿಂದ ಆ ಮಾತಿಗೆ ಅರ್ಥ ಹೆಚ್ಚಿತು.

ಐರ್ಲೆಂಡಿನವರಿಂದ ನಮಗಾದ ಇನ್ನೊಂದು ಉಪಕಾರವನ್ನು ಕನ್ನಡಿಗರು ಮರೆಯಬಾರದು. 1924ರಲ್ಲಿ ಮೈಸೂರಿಗೆ ಬಂದಿದ್ದ ಜೇಮ್ಸ್ ಕಸಿನ್ಸ್ ಬೆಲ್‌ಫಾಸ್ಟ್ ನಗರದಲ್ಲಿ ಹುಟ್ಟಿದ ಕವಿ, ಯೇಟ್ಸ್ ಮುಂತಾದವರ ಒಡನಾಟದಲ್ಲಿದ್ದವನು. ಇಪ್ಪತ್ತರ ಹರೆಯದ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಲು ಹೋದಾಗ, ನಿಮ್ಮ ಭಾಷೆಯಲ್ಲಿ ಏಕೆ ಬರೆಯುವುದಿಲ್ಲ ಎಂದು ಕೇಳಿದವನು ಈತನೇ. ತಾಯ್ನುಡಿ ಕೈಜಾರಿದ ನಾಡಿನಿಂದ ಬಂದು, ತಾನು ಇಂಗ್ಲಿಷಿನಲ್ಲೇ ಬರೆದವನಾದ್ದರಿಂದಲೇ ಆ ಪ್ರಶ್ನೆ ಅವನಿಗೆ ಹೊಳೆದಿರಬೇಕು ಎಂಬುದು ನನ್ನ ಊಹೆ. ಆ ನಾಡಿನ ಹೆಸರನ್ನು ನಾವು ತೆಗೆದುಕೊಳ್ಳುವಾಗ ಅಷ್ಟಾದರೂ ಮರ್ಯಾದೆ ತೋರಿಸಬೇಡವೆ?

ನನ್ನ ವಿದ್ಯಾರ್ಥಿನಿಗೆ ನಾನು ಹೆಸರು ಆರಿಸಿಕೊಡಲಿಲ್ಲ. ಎರಡು ಮಾತು ಮಾತ್ರ ಬರೆದೆ. ಐರಿಷ್ ಹೆಸರನ್ನೇ ಇಡುವುದಾದರೆ ಇಡಿಯಾಗಿ ಇಡು: ಅದರ ಕಾಗುಣಿತ, ಅದರ ಗೆರೆ, ಅದನ್ನು ಕೂಗುವ ರೀತಿ, ಅದರ ಹಿಂದಿನ ಒಬ್ಬ ಹೆಂಗಸಿನ ಕಥೆ, ಎಲ್ಲವನ್ನೂ ಮೊದಲು ನೀನು ಕಲಿ, ನೆರೆಮನೆಯ ಅಜ್ಜಿಯ ಬಾಯಿಂದ ಕೇಳಿ ಕಲಿ. ಕನ್ನಡದ ಹೆಸರಿಡುವುದಾದರೆ ಅದನ್ನೂ ಇಡಿಯಾಗಿ ಇಡು. ಸೈವ್, ಕ್ವೀವಾ ಎಂದು ಓದಬಲ್ಲ ಅಲ್ಲಿನ ಮೇಷ್ಟರಿಗೆ 'ಳ'ಕಾರ ಕಲಿಯುವುದು ಅಸಾಧ್ಯವಲ್ಲ. ಎರಡೂ ಕಡೆಯ ಪಟ್ಟಿಯಲ್ಲಿ ಸಿಗುತ್ತದೆ, ವಿಮಾನ ನಿಲ್ದಾಣದಲ್ಲಿ ಯಾರೂ ತಡವರಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆರಿಸುವ ಹೆಸರಿನ ಮೇಲೆ ನನಗೆ ಗೌರವವಿಲ್ಲ. ಅದು ಎರಡೂ ಮನೆಯಲ್ಲಿ ನೆಂಟರಂತೆ ಕುರ್ಚಿಯ ತುದಿಯಲ್ಲಿ ಕೂತಿರುತ್ತದೆ.

ಅರವತ್ತು ಹೆಸರುಗಳ ಆ ಪಟ್ಟಿಯಲ್ಲಿ ಇಲ್ಲದ ಒಂದು ಹೆಸರನ್ನು ಮಾತ್ರ ಅವಳಿಗೆ ಹೇಳಿದೆ: ಗೊಬ್ನಿಟ್. ಅರ್ಥ ಇತ್ಯರ್ಥವಾಗಿಲ್ಲ, ಕೇಳಲೂ ಒರಟು. ಹಾಗಾಗಿಯೇ ಕೈಬಿಟ್ಟಿರಬೇಕು. ಕಾರ್ಕ್ ಸೀಮೆಯ ಬಾಲಿವುರ್ನಿ ಎಂಬ ಊರಿನ ಸಂತಳು, ಜೇನುಹುಳುಗಳ ಒಡತಿ. ದನ ಕದಿಯಲು ಬಂದವರ ಮೇಲೆ ಜೇನನ್ನು ಬಿಟ್ಟು ಓಡಿಸಿದಳೆಂದು ಕಥೆ. ಗುಮಾಸ್ತರ ಕಾಲದಲ್ಲಿ ಈ ಹೆಸರಿನವರೆಲ್ಲ ದಾಖಲೆಯಲ್ಲಿ ಅಬಿಗೇಲ್, ಡೆಬೋರಾ ಆಗಿದ್ದರು. ಡೆಬೋರಾ ಎಂದರೆ ಹೀಬ್ರೂವಿನಲ್ಲಿ ಜೇನುಹುಳು. ಒಮ್ಮೆಯಾದರೂ ಅರ್ಥ ಕೂಡಿಬಂದಿತ್ತು ಅನ್ನಿ. ಫೆಬ್ರವರಿ 11 ಅವಳ ಹಬ್ಬ. ಅಂದು ಊರಿನವರು ರಿಬ್ಬನ್ನು ಹಿಡಿದುಕೊಂಡು ಬಂದು, ಅವಳ ಹಳೆಯ ಮರದ ವಿಗ್ರಹದ ಉದ್ದಕ್ಕೂ ಸುತ್ತಕ್ಕೂ ಹಿಡಿದು ಅಳೆದು, ಮನೆಗೆ ಒಯ್ಯುತ್ತಾರೆ. 'ಗೊಬ್ನಿಟಳ ಅಳತೆ' ಎಂದು ಅದಕ್ಕೆ ಹೆಸರು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ಅದನ್ನು ತೆಗೆದು ಮೈಗೆ ಸುತ್ತುತ್ತಾರಂತೆ. ಡಬ್ಲಿನ್ನಿನಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಿಬರಬಹುದು ಎಂದು ಅವಳು ಮರುದಿನವೇ ಉತ್ತರ ಬರೆದಿದ್ದಾಳೆ.